ಎಲ್ಲರೂ ಬರಬೇಕಾಗಿಲ್ಲ

ಶನಿವಾರ ಮಧ್ಯಾಹ್ನ ಸೂಪರಿಂಟೆಂಡೆಂಟ್ ಮೇಡಂ ಹೇಳಿದ್ದನ್ನು, ಆಸ್ಪತ್ರೆಯ ಬಟ್ಟೆ ಒಗೆಯುವ ಶೆಡ್ಡಿನ ಮೇಸ್ತ್ರಿ ಒಂದಕ್ಷರ ಬಿಡದೆ ಹಲಗೆಯ ಮೇಲೆ ಬರೆದ: "ನಾಳೆ ಎಲ್ಲರೂ ಬರಬೇಕಾಗಿಲ್ಲ." ಸೀಮೆಸುಣ್ಣ ಕೆಳಗಿಡುವಷ್ಟರಲ್ಲಿ ಹನ್ನೊಂದು ಜನರೂ ರಜೆ ಸಿಕ್ಕಿತೆಂದು ಕೈ ಒರೆಸಿಕೊಳ್ಳುತ್ತಿದ್ದರು.

ರಜೆ ಮೇಸ್ತ್ರಿಗೂ ಬೇಕಿತ್ತು. ಮಗಳು ಹೆತ್ತು ತಿಂಗಳಾಗಿತ್ತು. ತೀರಿಕೊಂಡ ಹೆಂಡತಿಯ ಮೂಗೇ ಮಗುವಿಗೆ ಬಂದಿದೆಯೆಂದು ಸುದ್ದಿ ಬಂದಾಗಿನಿಂದ ಅವನಿಗೆ ಊಟ ರುಚಿಸುತ್ತಿರಲಿಲ್ಲ. ನಾಳೆ ನಾಲ್ಕು ಜನರಾದರೂ ಬಂದು ಯಂತ್ರ ನಡೆಸಿದರೆ ಅವನು ಮಗಳ ಊರಿಗೆ ಬೆಳಗಿನ ಬಸ್ಸು ಹತ್ತಬಹುದು.

"ಎಲ್ಲರೂ ಬೇಡ ಅಂದ್ರೆ ಯಾರೂ ಬೇಡ ಅಂತಲ್ಲ. ಕೆಲವರು ಬರಬೇಕು," ಎಂದು ಬಿಡಿಸಿ ಹೇಳಿದ.

ಇಸ್ತ್ರಿ ಮಾಡುವ ಅಕ್ಕ ಒಪ್ಪಿದಳು. "ಸರಿಯಣ್ಣ, ಕೆಲವರು ಬರಲಿ. ನಾನೊಬ್ಬಳು ಬರದಿದ್ರೆ ಸಾಕು, ಎಲ್ಲರೂ ಬಂದ ಹಾಗಾಗಲ್ಲ."

ಬಾಯ್ಲರಿನವನೂ ಅದನ್ನೇ ಹೇಳಿದ. ಒಬ್ಬೊಬ್ಬರನ್ನೇ ಹಿಡಿದು ಕೇಳಿದರೆ ಹನ್ನೊಂದು ಜನರ ಮಾತೂ ಸರಿ. ಕೂಡಿಸಿ ನೋಡಿದರೆ ನಾಳೆ ಶೆಡ್ಡು ಖಾಲಿ. ಮೇಸ್ತ್ರಿಯ ತಲೆ ಒಗೆಯುವ ಯಂತ್ರದ ಡ್ರಮ್ಮಿನಂತೆ ಗಿರಗಿರನೆ ತಿರುಗಿತು. ಚೀಟಿ ಎತ್ತೋಣವೆಂದ. ಚೀಟಿ ಬಂದವರು ಬರಬೇಕೋ, ಬರದವರು ಬರಬೇಕೋ ಎಂಬ ಜಗಳದಲ್ಲೇ ಸಂಜೆಯಾಯಿತು.

ಕೊನೆಗೆ ಮೇಡಂ ಬಳಿಗೇ ಓಡಿದ. ಅವರು ಕನ್ನಡಕದ ಮೇಲಿನಿಂದ ನೋಡಿ, ವಾರ್ಡುಗಳ ಬಟ್ಟೆಯೆಲ್ಲ ಇವತ್ತೇ ಮುಗಿದಿದೆ, ನಾಳೆ ಯಾರೂ ಬರುವುದು ಬೇಡ, ಅಷ್ಟೂ ತಿಳಿಯಲಿಲ್ಲವೇ ಎಂದು ಗದರಿದರು.

ಮೇಸ್ತ್ರಿ ಮನಸ್ಸಿನಲ್ಲೇ ದೇವರಿಗೆ ಕೈಮುಗಿದು, ಶೆಡ್ಡಿಗೆ ಬಂದು, "ಯಾರೂ ಬರೋದು ಬೇಡ. ಒಬ್ಬರೂ ಬೇಡ," ಎಂದ.

ಹನ್ನೊಂದು ಜನರೂ ಅವನ ಮುಖ ನೋಡಿದರು. ಇಷ್ಟು ಹೊತ್ತು ನಾಲ್ಕು ಜನರಿಗಾಗಿ ಗೋಗರೆದವನು ಈಗ ಒಬ್ಬರೂ ಬೇಡ ಅನ್ನುತ್ತಾನೆ. ಮುಖದಲ್ಲಿ ನಗು ಬೇರೆ.

ಬಾಯ್ಲರಿನವನು ಕಣ್ಣು ಕಿರಿದು ಮಾಡಿದ. "ನಮ್ಮನ್ನೆಲ್ಲ ಮನೇಲಿ ಕೂರಿಸಿ, ನೀನೊಬ್ಬನೇ ಬಂದು ಒಳ್ಳೆಯವನು ಅನ್ನಿಸ್ಕೊಳ್ಳೋಕೇನಣ್ಣ?"

ಮಗಳು, ಮಗು, ಬಸ್ಸು ಎಂದು ಅವನು ಹೇಳಿದಷ್ಟೂ ಅನುಮಾನ ಬಲಿಯಿತು. ಇಸ್ತ್ರಿಯ ಅಕ್ಕನನ್ನು ಮುಂದೆ ಮಾಡಿಕೊಂಡು ಹನ್ನೊಂದು ಜನರೂ ಮೇಡಂ ಕೋಣೆಗೆ ನುಗ್ಗಿ, ನಾಳೆ ನಾವೆಲ್ಲ ಬಂದೇ ಬರುತ್ತೇವೆ ಎಂದು ಪಟ್ಟು ಹಿಡಿದರು.

ಮೇಡಂ ಕಣ್ಣು ತುಂಬಿ ಬಂತು. ಇಷ್ಟು ವರ್ಷದ ನೌಕರಿಯಲ್ಲಿ ಇಂಥ ಜನರನ್ನು ಅವರು ಕಂಡಿರಲಿಲ್ಲವಂತೆ. ಹಾಗಾದರೆ ಗೋದಾಮಿನಲ್ಲಿ ಧೂಳು ತಿನ್ನುತ್ತಿರುವ ಮುನ್ನೂರು ಕಂಬಳಿಗಳನ್ನೂ ಒಗೆದುಬಿಡೋಣ ಎಂದರು. ಆಮೇಲೆ ಬಾಗಿಲಲ್ಲಿ ಕಂಬದಂತೆ ನಿಂತಿದ್ದವನ ಕಡೆ ತಿರುಗಿ ಅಕ್ಕರೆಯಿಂದ ಹೇಳಿದರು:

"ಎಲ್ಲರೂ ಬರ್ತಿದಾರೆ ಮೇಸ್ತ್ರಿ. ನೀವಿಲ್ದೆ ಹೇಗೆ?"