ಮಾವನ ಸುಳ್ಳು ನೊಣಗಳು

ನನ್ನ ಸೋದರಮಾವ ಇಪ್ಪತ್ತೈದು ವರ್ಷ ಮೀನು ಹಿಡಿದರು. ಆ ಇಪ್ಪತ್ತೈದು ವರ್ಷದಲ್ಲಿ ಅವರು ಹಿಡಿದ ಮೀನಿನ ಒಂದು ಮುಳ್ಳೂ ಅವರ ಮನೆಯ ಸಾರಿಗೆ ಬಿದ್ದಿಲ್ಲ ಎಂದರೆ ನಂಬುತ್ತೀರಾ? ಕಣ್ಣಾರೆ ಕಾಣದಿದ್ದರೆ ನಾನೂ ನಂಬುತ್ತಿರಲಿಲ್ಲ. ಕಣ್ಣಾರೆ ಕಂಡದ್ದನ್ನೂ ಈಗೀಗ ಪೂರ್ತಿ ನಂಬುವುದಿಲ್ಲ ಎನ್ನುವುದು ಬೇರೆ ಮಾತು. ಮೈಸೂರಿನಲ್ಲಿ ಎಂ.ಎ. ಓದುವಾಗ ಡೈರಿ ಬರೆಯುವ ಚಟ ಅಂಟಿಸಿಕೊಂಡೆ. ಈಗ ಅವನ್ನು ತೆಗೆದು ನೋಡಿದರೆ ನನ್ನ ನೆನಪು ಒಂದು ಹೇಳುತ್ತದೆ, ನನ್ನದೇ ಕೈಬರಹ ಇನ್ನೊಂದು ಹೇಳುತ್ತದೆ. ಎರಡೂ ಕಡೆಯ ಸಾಕ್ಷಿ ನಾನೇ ಆದಾಗ ಯಾರನ್ನು ನಂಬುವುದು? ಹಾಗಾಗಿ ಇದರಲ್ಲಿ ಅಲ್ಲಲ್ಲಿ ನನ್ನ ಉಪ್ಪುಖಾರ ಸೇರಿದ್ದರೆ ಅದು ನನಗೂ ತಿಳಿಯದೆ ಸೇರಿದ್ದು.

ಮಾವನ ಊರು ಗಾವಡಗೆರೆಯಿಂದ ಎರಡು ಮೈಲಿ. ಹೊಗೆಸೊಪ್ಪು, ರಾಗಿ, ಎರಡು ಹಸು. ಮದುವೆಗೆ ಮುಂಚೆ ಅವರು ಪಿರಿಯಾಪಟ್ಟಣ ದಾಟಿ ಕೊಡಗಿನ ಕಾಫಿ ತೋಟವೊಂದರಲ್ಲಿ ರೈಟರ್ ಆಗಿದ್ದರು, ಅಂದರೆ ಆಳುಗಳ ಹಾಜರಿ ಬರೆಯುವ ಕೆಲಸ. ತೋಟದ ಯಜಮಾನರಿಗೆ ಮೀನಿನ ಹುಚ್ಚು. ಎರೆಹುಳ ಅವರ ದೃಷ್ಟಿಯಲ್ಲಿ ಅಪಚಾರ. ಸಣ್ಣ ಗಾಳಕ್ಕೆ ಕೋಳಿಪುಕ್ಕ, ದಾರ ಸುತ್ತಿ ನೊಣದಂಥದ್ದೊಂದನ್ನು ಕಟ್ಟಬೇಕು. ಅದನ್ನು ದೂರದಿಂದ ಎಸೆದು, ನಿಜವಾದ ನೊಣ ಕೂತ ಹಾಗೆ ನೀರಿನ ಮೇಲೆ ಕೂರಿಸಬೇಕು. ಮೀನು ಮೋಸಹೋಗಿ ಕಚ್ಚಿದರೆ ಮೆಲ್ಲಗೆ ಎಳೆದು, ನೋಡಿ, ನೀರಿಗೇ ಬಿಡಬೇಕು. ಮಾವ ಎಸೆಯುವುದನ್ನೂ ಕಲಿತರು, ಬಿಡುವುದನ್ನೂ ಕಲಿತರು. ಕೆಲಸ ಬಿಟ್ಟು ಹೊರಟಾಗ ಯಜಮಾನರು ತಮ್ಮ ಹಳೆಯ ಕೋಲು, ದಾರ ಸುತ್ತುವ ರೀಲು ಎರಡನ್ನೂ ಕೈಗಿತ್ತು, ಈ ಕೋಲು ಇರುವುದು ಟ್ರೌಟ್ ಎಂಬ ತಣ್ಣೀರಿನ ಮೀನಿಗಾಗಿ, ನೀಲಗಿರಿಯ ತೊರೆಗಳಲ್ಲಿ ಅದು ಸಿಗುತ್ತದೆ, ಅದನ್ನು ಹಿಡಿಯುವವರೆಗೆ ನೀನು ಪಾಠ ಓದಿದವನೇ ಹೊರತು ಪರೀಕ್ಷೆ ಪಾಸಾದವನಲ್ಲ ಎಂದರಂತೆ. ಅವರು ತಮಾಷೆಗೆ ಹೇಳಿದ್ದಿರಬಹುದು. ಆದರೆ ಮಾವನಿಗೆ ತಮಾಷೆ ಅರ್ಥವಾಗುತ್ತಿರಲಿಲ್ಲ!

ಅವರು ಗಾಳ ಬೀಸುವುದನ್ನು ನಾನು ಮೊದಲು ಸರಿಯಾಗಿ ನೋಡಿದ್ದು ತೊಂಬತ್ತರ ಆಸುಪಾಸಿನಲ್ಲಿ, ಹುಣಸೂರಿನಾಚೆ ಲಕ್ಷ್ಮಣತೀರ್ಥದ ತಿರುವೊಂದರಲ್ಲಿ. ಮೊಣಕಾಲುದ್ದದ ನೀರಿನಲ್ಲಿ ನಿಂತಿದ್ದರು. ಕೋಲು ಎತ್ತಿದರು. ಹಳದಿ ದಾರ ನೀರಿನಿಂದೆದ್ದು ತಲೆಯ ಮೇಲೆ ಹಾದು ಹಿಂದಕ್ಕೆ ಹೋಯಿತು. ಅಲ್ಲಿ ಒಂದು ಕ್ಷಣ ಗಾಳಿಯಲ್ಲೇ ಮೈಚಾಚಿ ಮಲಗಿತು. ಆಮೇಲೆ ತನ್ನಷ್ಟಕ್ಕೆ ಮಡಿಕೆ ಬಿಚ್ಚಿಕೊಳ್ಳುತ್ತ ಮುಂದಕ್ಕೆ ಬಂದು, ಆಚೆ ದಡದ ಬಂಡೆಯ ನೆರಳಿನಲ್ಲಿ, ನೀರಿಗೆ ಗೊತ್ತೇ ಆಗದ ಹಾಗೆ ಇಳಿಯಿತು. ಹೊಗೆಸೊಪ್ಪು ಕಿತ್ತು ಕಿತ್ತು ಅಂಟು ಹಿಡಿದ ಆ ಕಪ್ಪು ಕೈಗೆ ಇದು ಎಲ್ಲಿಂದ ಬಂತು? ನಾನು ಬಾಯಿ ತೆರೆದು ನಿಂತಿದ್ದೆ. ಪಕ್ಕದಲ್ಲಿ ಎರೆಹುಳ ಸಿಕ್ಕಿಸಿಕೊಂಡು ಕೂತಿದ್ದವನೊಬ್ಬ ಬಹಳ ಹೊತ್ತು ನೋಡಿ, "ಅಣ್ಣಯ್ಯ, ನೀನು ಮೀನ್ ಇಡೀತಿದ್ದೀಯೋ, ನೀರ್ಗೆ ಚಾವ್ಟೀಲಿ ಬಾರುಸ್ತಿದ್ದೀಯೋ?" ಎಂದು ಕೇಳಿದ. ಮಾವ ಇನ್ನೊಮ್ಮೆ ಬೀಸಿದರು. ಅವನ ಬುಟ್ಟಿಯಲ್ಲಿ ಅಷ್ಟು ಹೊತ್ತಿಗೆ ಒಂದು ಸೇರು ಮೀನಿತ್ತು. ಮಾವನಿಗೆ ಎರಡು ಸಿಕ್ಕಿ, ಎರಡೂ ವಾಪಸು ಹೋಗಿದ್ದವು.

ಪುಕ್ಕದ ಕಥೆ ಹೇಳಲೇಬೇಕು. ಒಳ್ಳೆಯ ನೊಣ ಕಟ್ಟಲು ಹುಂಜದ ಕತ್ತಿನ ಪುಕ್ಕವೇ ಆಗಬೇಕು, ಅದೂ ಕೆಂಪುಮಿಶ್ರಿತ ಕಂದುಬಣ್ಣದ್ದು. ಊರಿನಲ್ಲಿ ಅಂಥ ಬಣ್ಣ ಇದ್ದದ್ದು ಒಂದೇ ಹುಂಜಕ್ಕೆ, ಮತ್ತು ಆ ಹುಂಜ ಮಾರಮ್ಮನಿಗೆ ಬಿಟ್ಟದ್ದು. ಯಾರೋ ಹರಕೆ ಹೊತ್ತು ಬಿಟ್ಟ ಹಕ್ಕಿಯನ್ನು ಹಬ್ಬದವರೆಗೆ ಯಾರೂ ಮುಟ್ಟುವ ಹಾಗಿಲ್ಲ. ಅದು ಯಾರ ಕಣದಲ್ಲಿ ಬೇಕಾದರೂ ಮೇಯಬಹುದು. ಮಾವನ ಹಿತ್ತಿಲಿಗೆ ಮಾತ್ರ ಅದು ದಿನಾ ಬರುತ್ತಿತ್ತು, ಏಕೆಂದರೆ ಅಲ್ಲಿ ಅದಕ್ಕೆ ನೆನೆಸಿದ ರಾಗಿ ಸಿಗುತ್ತಿತ್ತು. ರಾಗಿ ತಿನ್ನುವಾಗ ಕತ್ತರಿಯೂ ಆಡುತ್ತಿತ್ತು ಎನ್ನುವುದು ಹಬ್ಬಕ್ಕೆ ಹದಿನೈದು ದಿನ ಇರುವಾಗ ಬಯಲಾಯಿತು. ಹರಕೆ ಹೊತ್ತ ಮನೆಯ ಅಜ್ಜಿ ಹುಂಜವನ್ನು ಹಿಡಿದು ನೋಡಿದರೆ ಕತ್ತಿನ ಸುತ್ತ ಬೋಳು!

ಮಾರಮ್ಮನ ಗುಡಿ ಮುಂದೆ ಪಂಚಾಯಿತಿ ಸೇರಿತು. ಊನವಾದದ್ದನ್ನು ಅಮ್ಮನಿಗೆ ಒಪ್ಪಿಸುವ ಹಾಗಿಲ್ಲ. ಅಮ್ಮನಿಗೆ ಬಿಟ್ಟದ್ದನ್ನು ಕೊಯ್ದು ತಿನ್ನುವ ಹಾಗೂ ಇಲ್ಲ. ಬಹಳ ಹೊತ್ತು ವಾದವಾಗಿ ತೀರ್ಮಾನ ಬಂತು: ತಪ್ಪು ಮಾಡಿದವನು ಬೇರೆ ಹುಂಜ ತಂದುಕೊಡತಕ್ಕದ್ದು, ಕೆಟ್ಟ ಹುಂಜವನ್ನು ಅದು ಸಾಯುವವರೆಗೆ ತನ್ನ ಮನೆಯಲ್ಲೇ ಸಾಕತಕ್ಕದ್ದು. ಮಾವ ತಲೆ ತಗ್ಗಿಸಿ ಒಪ್ಪಿಕೊಂಡರು. ಇಷ್ಟು ಕಠಿಣ ಶಿಕ್ಷೆಗೆ ಅವರ ಮುಖ ಯಾಕಷ್ಟು ಬೆಳಗಿತು ಎಂದು ಪಂಚರಿಗೆ ಹೊಳೆಯಲೇ ಇಲ್ಲ. ಆ ಹುಂಜ ಆರು ವರ್ಷ ಬದುಕಿತು. ಬೇಸಿಗೆಯಲ್ಲೊಮ್ಮೆ, ಮಳೆಗಾಲ ಮುಗಿದ ಮೇಲೊಮ್ಮೆ ಬೋಳಾಗುತ್ತ, ಗೌರವವಾಗಿಯೇ ಬದುಕಿತು.

ಇನ್ನು ಅತ್ತೆ. ಮದುವೆಯಾದ ಹೊಸತರಲ್ಲಿ ಚುಂಚನಕಟ್ಟೆಗೆ ಹೋಗೋಣ ಎಂದರಂತೆ ಮಾವ. ಹೊಸ ಸೀರೆಯುಟ್ಟು ಹೂ ಮುಡಿದು ಹೊರಟ ಅತ್ತೆ ದೇವರ ದರ್ಶನವಾದ ಮೇಲೆ, ಮಾವ ಹೊಳೆಯಲ್ಲಿ ಗಾಳ ಬೀಸುತ್ತಿರಲು, ಬಂಡೆಯ ಮೇಲೆ ಐದು ಗಂಟೆ ಕೂತರು. ಅಲ್ಲಿಂದ ಶುರುವಾದದ್ದು ಅವರ ಪ್ರವಾಸ. ಮುಂದೆ ಒಂದು ಹಳೆ ಸ್ಕೂಟರು ಬಂತು. ಹೊಲದ ಕೆಲಸ ಬಿಡುವಾದಾಗಲೆಲ್ಲ ಇಬ್ಬರೂ ಅದರ ಮೇಲೆ ಹೊರಡುತ್ತಿದ್ದರು: ಎಚ್.ಡಿ. ಕೋಟೆ ಕಡೆಯ ತೊರೆಗಳು, ಪಿರಿಯಾಪಟ್ಟಣದ ಹಳ್ಳಗಳು. ಮಿರ್ಲೆಯ ನೆಂಟರ ಮದುವೆಗೆಂದು ಹೊರಟವರು ದಾರಿಯ ಕಾಲುವೆಯಲ್ಲೇನೋ ಮಿಂಚಿತೆಂದು ನಿಂತು, ಹೆಣ್ಣೊಪ್ಪಿಸಿ ಕಳಿಸುವ ಹೊತ್ತಿಗೆ ತಲುಪಿದ್ದೂ ಉಂಟು. ಅತ್ತೆ ಹಿಂದೆ ಒಂದು ಪಕ್ಕಕ್ಕೆ ಕೂತು, ಒಂದು ಕೈಯಲ್ಲಿ ಬುತ್ತಿ, ಇನ್ನೊಂದರಲ್ಲಿ ಬಾವುಟದ ಹಾಗೆ ಕೋಲು. ಅವರು ಮಾವನನ್ನು ಬೈಯುತ್ತಿದ್ದ ಬಗೆಯೇ ಬೇರೆ. ಎದುರಿಗೆ ಬೈಯರು. ಮೀನಿಗೆ ಹೇಳುವರು. "ಓಗಪ್ಪ, ಓಗು, ನಿನ್ ಪುಣ್ಯ. ನಮ್ಮನೇಲಿ ನಿನ್ಗೂ ಕೆಲ್ಸ ಇಲ್ಲ, ನನ್ಗೂ ಕೆಲ್ಸ ಇಲ್ಲ" ಎಂದು ಬೀಳ್ಕೊಡುವರು. ವಾಪಸು ಬರುವಾಗ ಹುಣಸೂರಿನ ಸಂತೆಯಲ್ಲಿ ಮೀನು ಕೊಂಡು, ಹಿತ್ತಿಲಿನಲ್ಲಿ ಬೂದಿ ಹಚ್ಚಿ ಹುರುಪೆ ಉಜ್ಜಿ, ಸಾರು ಕುದಿಸುವರು. ವಾಸನೆ ಹಿಡಿದ ಪಕ್ಕದ ಮನೆಯಾಕೆ, ಅಂತೂ ಇವತ್ತು ನಿಮ್ಮೆಜಮಾನ್ರಿಗೆ ಸಿಕ್ತಾ ಎಂದು ಕೇಳಿದರೆ, ಅವ್ರಿಗೆ ಯಾವಾಗ್ಲೂ ಸಿಕ್ತದೆ, ನನಗೆ ಸಿಗಾಕಿಲ್ಲ ಅಷ್ಟೆ ಎನ್ನುವರು.

ಆದರೆ ಟ್ರೌಟು? ಯಜಮಾನರು ಹೇಳಿದ ಅದರ ಚುಕ್ಕೆ, ಪಟ್ಟೆಗಳನ್ನು ಮಾವ ಅತ್ತೆಗೆ ಎಷ್ಟು ಸಲ ವರ್ಣಿಸಿದ್ದರೋ ಲೆಕ್ಕವಿಲ್ಲ. ನೀಲಗಿರಿಗೆ ಮೊದಲ ಸಲ ಇಬ್ಬರೇ ಹೋಗಿದ್ದರು. ಮೀನು ಹಿಡಿಯುವ ಪರವಾನಗಿ ಚೀಟಿ ಬರೆಸಿ, ಹುಲ್ಲುಗುಡ್ಡದ ನಡುವೆ ಹರಿಯುವ ತೊರೆಯ ಹತ್ತಿರ ನಿಂತು, ಮಾವ ಭಕ್ತಿಯಿಂದ ಮೊದಲ ಬೀಸು ಬೀಸಿದರು. ದಾರ ಹಿಂದಕ್ಕೆ ಹೋಯಿತು, ಮುಂದಕ್ಕೆ ಬರಲಿಲ್ಲ. ತಿರುಗಿ ನೋಡಿದರೆ ಗಾಳ ಎಮ್ಮೆಯೊಂದರ ಕಿವಿಯಲ್ಲಿದೆ! ಎಮ್ಮೆ ಓಡಿತು, ರೀಲು ಕಿರ್ ಎಂದು ಬಿಚ್ಚಿಕೊಂಡಿತು, ಮಾವ ಎಮ್ಮೆಯ ಹಿಂದೆ, ಅತ್ತೆ ಮಾವನ ಹಿಂದೆ. ಅರ್ಧ ಗುಡ್ಡ ಹತ್ತಿದ ಮೇಲೆ ಎಮ್ಮೆಗೇ ಬೇಜಾರಾಗಿ ನಿಂತಿತಂತೆ. ಮಾವ ಅದರ ಕಿವಿಯಿಂದ ಗಾಳದ ಮುಳ್ಳನ್ನು ಮೀನಿನ ಬಾಯಿಂದ ಬಿಡಿಸುವಷ್ಟೇ ನಯವಾಗಿ ಬಿಡಿಸಿದರು. ಅವರ ಜೀವಮಾನದಲ್ಲಿ ಹಿಡಿದು ಬಿಟ್ಟ ಅತಿ ದೊಡ್ಡ ಪ್ರಾಣಿ ಅದು ಎಂದು ಅತ್ತೆ ಊರೆಲ್ಲ ಹೇಳಿದರು. ಇದನ್ನು ನಾನು ನೂರು ಸಲ ಹೇಳಿ ನಗಿಸಿದ್ದೇನೆ. ನಿನ್ನೆ ಡೈರಿ ತೆಗೆದು ನೋಡಿದರೆ, ಅತ್ತೆ ಹೇಳಿದ ದಿನವೇ ಬರೆದದ್ದು, "ಎಮ್ಮೆಕರು" ಎಂದಿದೆ. ನನ್ನ ಬಾಯಲ್ಲಿ ಅದು ಯಾವಾಗ ಬೆಳೆದು ಎಮ್ಮೆಯಾಯಿತೋ ನಾನರಿಯೆ.

ಎರಡನೆಯ ಸಲ ಹೋದಾಗ ಮೂರು ದಿನ ಮಳೆ. ತೊರೆ ಬೆಲ್ಲದ ಕಾಫಿಯಾಗಿತ್ತು. ಕೋಲನ್ನು ಚೀಲದಿಂದ ತೆಗೆಯದೆ ವಾಪಸು ಬಂದರು.

ಆಮೇಲೆ ಕಣ್ಣು ಮಂಜಾಯಿತು. ಮಾವ ಯಾರಿಗೂ ಹೇಳಲಿಲ್ಲ. ಅತ್ತೆಗೆ ಹೇಳಬೇಕಾಗಿರಲಿಲ್ಲ. ಸೂಜಿಗಣ್ಣಿನಂಥ ಗಾಳದ ತೂತಿಗೆ ದಾರ ಪೋಣಿಸುವುದನ್ನು ಮಾವ ಕೇಳುವ ಮೊದಲೇ ತಾವು ವಹಿಸಿಕೊಂಡರು. ನೀರಿನ ಮೇಲಿನ ಸುಳ್ಳು ನೊಣ ಮಾವನಿಗೆ ಕಾಣುತ್ತಿಲ್ಲವೆಂದು ಗೊತ್ತಾದ ಮೇಲೆ ಬಂಡೆ ಬಿಟ್ಟು ಪಕ್ಕದಲ್ಲೇ ಬಂದು ನಿಂತರು. ಮೀನು ಬಾಯಿ ಹಾಕಿದ ಕ್ಷಣ "ಊಂ" ಎನ್ನುವರು. ಮಾವ ಕೋಲೆತ್ತುವರು. "ಊಂ"ಗೂ ಕೋಲಿಗೂ ನಡುವೆ ಕೂದಲೆಳೆಯಷ್ಟು ತಡವಿಲ್ಲ. ನಾನು ಅದನ್ನು ನೋಡಿದ್ದೇನೆ. ನಾಲ್ಕು ಕೈ, ಎರಡು ಕಣ್ಣಿನ ಒಂದೇ ಜೀವ ನೀರಿನಲ್ಲಿ ನಿಂತಂತೆ ಇತ್ತು. ಇದಕ್ಕೆ ಉತ್ಪ್ರೇಕ್ಷೆ ಬೇಕಿಲ್ಲ. ಡೈರಿಯಲ್ಲೂ ಹೀಗೇ ಇದೆ.

ಮೈಸೂರಿನ ಡಾಕ್ಟರು ಪೊರೆ ಇನ್ನೂ ಹಣ್ಣಾಗಿಲ್ಲ, ಯುಗಾದಿ ಕಳೆದ ಮೇಲೆ ಬನ್ನಿ, ಆಪರೇಷನ್ ಮಾಡೋಣ ಎಂದರು. ಎಲ್ಲರೂ ಸಮಾಧಾನಪಟ್ಟರು, ಮಾವನೊಬ್ಬರನ್ನು ಬಿಟ್ಟು. ಅವರಪ್ಪ ಕಣ್ಣಿನ ಶಿಬಿರಕ್ಕೆ ಹೋಗಿ ಇದ್ದ ಮಸುಕನ್ನೂ ಕಳೆದುಕೊಂಡು ಬಂದಿದ್ದರು. ಆ ಸಲ ನಾನು ಊರಿಗೆ ಹೋದಾಗ ಮಾವ ನನ್ನನ್ನು ಹಿತ್ತಿಲಿಗೆ ಕರೆದುಕೊಂಡು ಹೋದರು.

"ಕತ್ತಿ ಬೀಳೋಕ್ ಮುಂಚೆ ಒಂದೇ ಒಂದ್ ಟ್ರೌಟ್ ಕಣ್ಣಲ್ಲಿ ನೋಡ್ಬುಡ್ಬೇಕು ಕಣವ್ವ. ಆಮೇಲೆ ಏನಾರ ಆಗ್ಲಿ. ನಿಮ್ಮತ್ತೆ ಒಬ್ಳೇ ನನ್ನ ಅಲ್ಲಿ ಸಂಬಾಳ್ಸಕ್ಕಾಗಲ್ಲ. ನೀನೂ ಬಾ."

ಮೂವರೂ ನೀಲಗಿರಿಗೆ ಹೋದೆವು. ಮಾರ್ಚಿ ತಿಂಗಳಿರಬೇಕು. ಸೀರೆ ಮೇಲೆತ್ತಿದರೆ ಒಂದೇ ನೆಗೆತಕ್ಕೆ ದಾಟಬಹುದಾದ ಸಣ್ಣ ತೊರೆ. ಕಾಲಿಟ್ಟರೆ ಮೂಳೆ ಕೊರೆಯುವ ನೀರು, ತಳದ ಒಂದೊಂದು ಕಲ್ಲೂ ಎಣಿಸುವಷ್ಟು ತಿಳಿ. ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಮಾವ ಬೀಸಿದರು. ಕಾಣದ ನೀರಿನ ಮೇಲೆ, ಕಾಣದ ನೊಣವನ್ನು, ಅತ್ತೆ "ಇನ್ನೊಂದ್ ಮಾರು ಎಡಕ್ಕೆ" ಎಂದಲ್ಲಿಗೆ ಸರಿಯಾಗಿ ಇಳಿಸಿದರು. ಊಟವನ್ನು ಯಾರೂ ನೆನೆಸಲಿಲ್ಲ.

"ಊಂ."

ಕೋಲು ಬಾಗಿತು. ಮಾವ ಅವಸರ ಮಾಡಲಿಲ್ಲ. ದಾರ ಕೊಟ್ಟರು, ತೆಗೆದುಕೊಂಡರು, ಕೊಟ್ಟರು. ಕೊನೆಗೆ ಮಂಡಿಯೂರಿ ಕೈ ಒದ್ದೆ ಮಾಡಿಕೊಂಡು ಮೀನಿನ ಹೊಟ್ಟೆಯ ಕೆಳಗೆ ಅಂಗೈ ಇಟ್ಟರು. ಮುಖ ನೀರಿಗೆ ತಾಕುವಷ್ಟು ಬಗ್ಗಿಸಿದರು. ನೀರಿನ ಹೊಳಪಿಗೆ ಕಣ್ಣು ಇನ್ನಷ್ಟು ಮಸುಕಾಯಿತೋ ಏನೋ, ಹಾಗೇ ಇದ್ದರು. ಆಮೇಲೆ ಮೆಲ್ಲಗೆ, "ಕಾಣ್ತಿಲ್ಲ ಕಣಮ್ಮಿ. ಎಂಗದೆ ಯೋಳು" ಎಂದರು.

ನಾನು ನಾಲ್ಕು ಅಡಿ ದೂರದಲ್ಲಿದ್ದೆ. ನನಗೆ ಕಾಣುತ್ತಿತ್ತು. ಅದು ಗೆಂಡೆ. ಹುಣಸೂರಿನ ಸಂತೆಯಲ್ಲಿ ಗೋಣಿತಾಟಿನ ಮೇಲೆ ರಾಶಿ ಸುರಿಯುವ, ಬೂದುಬಣ್ಣದ, ದಪ್ಪ ಹುರುಪೆಯ ಗೆಂಡೆಮೀನು. ಅದು ಆ ತೊರೆಗೆ ಹೇಗೆ ಬಂತೋ ನನಗೆ ತಿಳಿಯದು. ಅಂಥ ಸಾವಿರ ಮೀನು ಉಜ್ಜಿದ ಅತ್ತೆಗೆ ಗುರುತು ಸಿಗದೆ ಇರಲು ಸಾಧ್ಯವೇ ಇಲ್ಲ.

ಅತ್ತೆ ಮಾವನ ಪಕ್ಕದಲ್ಲಿ ನೀರಿನಲ್ಲೇ ಕುಕ್ಕರಗಾಲಿನಲ್ಲಿ ಕೂತರು. ಸೆರಗು ತೇಲಿತು.

"ಬೆನ್ನು ಅಸ್ರುಗಪ್ಪು," ಎಂದರು. "ಮೈ ತುಂಬ ಉಚ್ಚೆಳ್ಳು ಚೆಲ್ದಂಗೆ ಚುಕ್ಕೆ. ಪಕ್ಕೇಲಿ ಕಿವಿಯಿಂದ ಬಾಲದ ಗಂಟ ಒಂದ್ ಪಟ್ಟೆ ಅದೆ. ಕೆಂಪೂ ಅಲ್ಲ, ರೋಜಾನೂ ಅಲ್ಲ. ಒತ್ತಾರೆ ಬಿಸ್ಲು ಬೀಳೋಕ್ ಮುಂಚೆ ಮೋಡದಂಚು ಇರ್ತದಲ್ಲ, ಅಂಗೆ. ತಿರುಗ್ಸಿದ್ರೆ ಬಣ್ಣ ಬದ್ಲಾಯ್ತದೆ. ಅಲ್ವೇನವ್ವ?"

ಕೊನೆಯ ಮಾತು ನನಗೆ. ಓದಿದವಳು, ಕಂಡದ್ದನ್ನು ಕಂಡ ಹಾಗೆ ಬರೆಯುತ್ತೇನೆಂದು ಜಂಬ ಇದ್ದವಳು ನಾನು. ಅತ್ತೆ ನನ್ನ ಕಡೆ ತಿರುಗಿಯೂ ನೋಡಲಿಲ್ಲ.

"ಹೌದು ಮಾವ," ಎಂದೆ.

ಮಾವ ಬಹಳ ಹೊತ್ತು ಹೆಬ್ಬೆರಳಿನಿಂದ ಮೀನಿನ ಪಕ್ಕೆ ಸವರಿದರು. ಆಮೇಲೆ ಗಾಳ ಬಿಡಿಸಿ, ಅಂಗೈಯನ್ನು ಮೆಲ್ಲಗೆ ಕೆಳಗಿಳಿಸಿದರು. ಮೀನು ಒಂದು ಗಳಿಗೆ ಅಲ್ಲೇ ನಿಂತು, ಹೋಯಿತು.

ವಾಪಸು ಬರುವ ಬಸ್ಸಿನಲ್ಲಿ ಕಾಡಿನ ರಸ್ತೆ, ಇಳಿಬಿಸಿಲು. ಅತ್ತೆ ಮಾವನ ಹೆಗಲಿಗೆ ಒರಗಿ ಕಣ್ಣು ಮುಚ್ಚಿದ್ದರು. ಆಚೆ ಬದಿಯಲ್ಲಿ ಕೂತಿದ್ದ ನನ್ನ ಕಡೆ ಮಾವ ತುಸು ಬಾಗಿದರು.

"ಟ್ರೌಟಿನ ಮೈ ರೇಷ್ಮೆ ಇದ್ದಂಗಂತೆ ಕಣವ್ವ, ಯಜಮಾನ್ರು ಯೋಳಿದ್ರು. ಉರುಪೆ ಅನ್ನೋದು ಕೈಗೇ ಸಿಗಾಕಿಲ್ವಂತೆ."

ಹೆಬ್ಬೆರಳನ್ನು ತೋರುಬೆರಳಿಗೆ ಮೆಲ್ಲಗೆ ಉಜ್ಜಿದರು.

"ಇದ್ರದ್ದು ಸಿಕ್ತು," ಎಂದರು. ಆಮೇಲೆ ಇನ್ನೂ ಸಣ್ಣ ದನಿಯಲ್ಲಿ, "ನಿಮ್ಮತ್ತೆ ತಾವ ಅನ್ಬೇಡ. ಅವ್ಳು ಅಷ್ಟ್ ಚೆಂದಾಗಿ ನೋಡವ್ಳೆ."

ಅತ್ತೆಯ ಕಣ್ಣು ಮುಚ್ಚಿಯೇ ಇತ್ತು. ನಿದ್ದೆ ಬಂದಿತ್ತೋ ಇಲ್ಲವೋ, ಇವತ್ತಿಗೂ ನಾನು ಕೇಳಿಲ್ಲ.