ಬೀಗರೂಟದ ದಿನದ ಎದೆನೋವು

ಬೆಸಗರಹಳ್ಳಿಯ ಮರಿಸಿದ್ದಯ್ಯ ಮಗಳ ಮದುವೆ ಮುಗಿಸಿ ಬೀಗರೂಟಕ್ಕೆ ಮರಿ ಕಡಿಸಿದ್ದ. ಬೆಳಗಿನಿಂದ ಉಪ್ಪು ನೋಡುವ ನೆಪದಲ್ಲಿ ಒಲೆಯ ಸುತ್ತಲೇ ಸುಳಿದು, ಬೀಗರು ಬರುವ ಮೊದಲೇ ಮರಿಯ ಈಲಿ ಮಾಂಸದಲ್ಲಿ ಅರ್ಧ ಮುಗಿಸಿದ್ದ. ಬಿಸಿಲೇರುವ ಹೊತ್ತಿಗೆ ಎದೆಯಲ್ಲಿ ಆಲೆಮನೆಯ ಒಲೆ ಹೊತ್ತಿಕೊಂಡಿತು.

"ಉಸ್ಸಪ್ಪಾ" ಎಂದು ಎದೆ ಸವರಿಕೊಂಡದ್ದೇ ತಪ್ಪಾಯಿತು. ಪಕ್ಕದ ಮನೆಯ ಜವರಯ್ಯ ಕಂಡುಬಿಟ್ಟ. ಹಿಂದಿನ ವರ್ಷ ಅವನ ಬಾಮೈದ ಎದೆನೋವೆಂದು ಆಸ್ಪತ್ರೆ ಸೇರಿದ್ದ. ಅಂದಿನಿಂದ ಊರಿನ ಎದೆಗಳೆಲ್ಲ ಜವರಯ್ಯನ ಉಸ್ತುವಾರಿಯಲ್ಲಿದ್ದವು.

"ಇದು ಆರ್ಟೇ ಕಣ್ಲಾ. ನಡಿ ಮಂಡ್ಯಕ್ಕೆ."

"ಒಂದು ತೇಗು ಬಂದ್ರೆ ಸರೋಯ್ತದೆ, ಬುಡ್ಲಾ. ಬೀಗ್ರು ಬರೋ ಒತ್ತು!"

"ಬೀಗರೂಟಕ್ಕೆ ಬಂದೋರು ನಿನ್ ತಿಥಿ ಉಂಡ್ಕಂಡು ಓಗ್ಬೇಕಾ? ಮಾಯಮ್ಮಾ, ಇನ್ಮೇಲೆ ನಿನ್ ಗಂಡಂಗೆ ಉಪ್ಪಿಲ್ದಿರೋ ಗಂಜೀನೇ ಕಣಮ್ಮ!"

ಮಾಯಮ್ಮ ಕೈಯಲ್ಲಿದ್ದ ಸೌಟಿನಿಂದಲೇ ಗಂಡನಿಗೆ ಬಸ್ಸಿನ ದಾರಿ ತೋರಿಸಿದಳು.

"ನಂಗೆರಡು ಮೂಳೆ ಎತ್ತಿಟ್ಟಿರಮ್ಮೀ!" ಮರಿಸಿದ್ದಯ್ಯ ಬಸ್ಸಿನ ಕಿಟಕಿಯಿಂದ ಕೂಗಿದ.

ಮಂಡ್ಯದಲ್ಲಿಳಿದು ಆಸ್ಪತ್ರೆಗೆ ನಡೆದರು. ರೋಗಿ ಮುಂದೆ, ಕರೆತಂದವನು ಹಿಂದೆ. ಜವರಯ್ಯ ಅಲ್ಲಲ್ಲಿ ನಿಂತು ಎಡಭುಜ ನೀವಿಕೊಳ್ಳುತ್ತಿದ್ದ.

"ಯಾಕ್ಲಾ ನಿಂತೆ?"

"ಬೀಡಿ ಅಚ್ಚಕ್ಕೆ ಕಣ್ಲಾ. ನೀ ಮಾತಾಡ್ಬ್ಯಾಡ, ಆರ್ಟಿಗಾಗಲ್ಲ."

ಡಾಕ್ಟರು ಮರಿಸಿದ್ದಯ್ಯನ ಎದೆಗೆ ತಂತಿ ಹಚ್ಚಿ ಇ.ಸಿ.ಜಿ. ತೆಗೆದರು. "ನಿಮ್ಮ ಹೃದಯ ಸರಿಯಾಗಿದೆ. ಉರಿ, ಹುಳಿತೇಗು, ಎಲ್ಲ ತಿಂದದ್ದರ ಪ್ರತಾಪ." ಅಷ್ಟರಲ್ಲಿ ಅವರ ಕಣ್ಣು ಬಾಗಿಲಿಗೊರಗಿ ಬೆವರುತ್ತಿದ್ದ ಜವರಯ್ಯನ ಮೇಲೆ ಬಿತ್ತು. "ನಿಮಗೇನ್ರೀ ಆಗಿದೆ?"

"ನಂಗೇನಾಗದೆ ಸ್ವಾಮಿ? ದಾರೀಲಿ ವಸಿ ಎದೆ ಇಡ್ಕತ್ತಿತ್ತು, ನಿಂತ್ರೆ ಬುಡ್ತಿತ್ತು. ಈಗ ನಿಂತ್ರೂ ಬುಡ್ತಿಲ್ಲ, ಅಷ್ಟೆಯ."

ಅದೇ ಮಂಚ, ಅದೇ ತಂತಿಗಳು. ನಾಲಿಗೆಯಡಿಗೆ ಒಂದು ಮಾತ್ರೆ.

"ಹೃದಯದ ರಕ್ತನಾಳ ಕಿರಿದಾಗಿದೆ. ನಡೆದಾಗ ಬಿಗಿತ, ಭುಜಕ್ಕೆ ಹರಿಯೋ ನೋವು, ಅದರ ಗುರುತೇ ಇವು. ಬೀಡಿ ಮುಟ್ಟಬೇಡಿ, ಮಂಚ ಇಳಿಯಬೇಡಿ. ಜೊತೆಗೊಬ್ಬರು ಇರಲೇಬೇಕು."

ಆ ಒಬ್ಬರು ಮರಿಸಿದ್ದಯ್ಯನಲ್ಲದೆ ಇನ್ಯಾರು? ಊರಲ್ಲಿ ಬೀಗರು ಎಲೆಗೆ ಕೂತಿರುವ ಹೊತ್ತಿನಲ್ಲಿ ಅವನು ಊರಿಗೆ ಹೊರಟ ಬಸ್ಸಿನ ಕಂಡಕ್ಟರನಿಗೆ ಸುದ್ದಿ ಒಪ್ಪಿಸಿದ: "ಆರ್ಟೇ ಅಂತೆ, ಅಡ್ಮಿಟ್ ಮಾಡವ್ರೆ. ಊಟ ಕಳ್ಸೂಂತ ಮಾಯಮ್ಮಂಗೇಳಿ." ಯಾರ ಹಾರ್ಟು ಎನ್ನುವುದನ್ನು ಅವನು ಹೇಳಲಿಲ್ಲ, ಊರಲ್ಲಿ ಕೇಳುವ ಅಗತ್ಯ ಯಾರಿಗೂ ಕಾಣಲಿಲ್ಲ.

ಸಂಜೆಯ ಬಸ್ಸಿಗೆ ಕ್ಯಾರಿಯರ್ ಬಂತು. ಮರಿಸಿದ್ದಯ್ಯ ಬಾಯಲ್ಲಿ ನೀರೂರಿಸಿಕೊಂಡು ಮುಚ್ಚಳ ತೆಗೆದ. ಮೇಲಿನ ಡಬ್ಬಿಯಲ್ಲಿ ಗಂಜಿ. ಕೆಳಗಿನದರಲ್ಲೂ ಗಂಜಿ. ಬೆರಳದ್ದಿ ನೆಕ್ಕಿದ, ಉಪ್ಪಿಲ್ಲ.

"ರೋಗಿಗೆ ಹೇಳಿ ಮಾಡಿಸಿದ ಹಾಗಿದೆ" ಎಂದು ನರ್ಸಮ್ಮ ಎರಡೂ ಡಬ್ಬಿಗಳನ್ನು ಎತ್ತಿಕೊಂಡು ಹೋಗಿ ಜವರಯ್ಯನ ಮುಂದಿಟ್ಟರು.

ಜವರಯ್ಯ ಸೊರ್ರನೆ ಕುಡಿದು, ಮೀಸೆ ಒರೆಸಿಕೊಂಡು, ಹಸಿದು ಕೂತ ಗೆಳೆಯನನ್ನು ನೋಡಿದ.

"ನಾ ಆಗ್ಲೇ ಏಳ್ಲಿಲ್ವಾ, ಇದು ಆರ್ಟೇ ಕಣ್ಲಾ ಅಂತ?"