ಡೆಲ್ಬರ್ಟನ ಸ್ವಿಚ್ಚು, ನೋರೀನಳ ಕಾಲು

"ಈ ಶನಿವಾರ ನಾನು ಚರಿತ್ರೆ ತಿದ್ತೀನಿ" ಎಂದು ಡೆಲ್ಬರ್ಟ್ ಹಕಬಿ ತಿಂಡಿಯ ಮೇಜಿನಲ್ಲಿ ಘೋಷಿಸಿದ.

"ಮೊದಲು ಮೀಸೆಗೆ ಹತ್ತಿರೋ ಗ್ರೇವಿ ಒರೆಸ್ಕೋ" ಎಂದಳು ಹೆಂಡತಿ ನೋರೀನ್.

ಚರಿತ್ರೆ ಎಂದರೆ ಶಾಲೆಯಲ್ಲಿ ಓದಿಸುವಂಥದ್ದಲ್ಲ. ಐವತ್ತೈದು ವರ್ಷಗಳ ಹಿಂದೆ, ಬೇಕರ್ಸ್‌ಫೀಲ್ಡಿನ ಹೊರವಲಯದಲ್ಲಿ ನಡೆದ, ಎರಡೇ ಕಾರುಗಳು ಜೋಡಿಯಾಗಿ ನೇರಕ್ಕೆ ಓಡುವ ಡ್ರ್ಯಾಗ್ ರೇಸಿನ ಫೈನಲ್ಲಿನಲ್ಲಿ ಡೆಲ್ಬರ್ಟನ ಕಾರು ಸ್ಟಾರ್ಟೇ ಆಗಲಿಲ್ಲ. ಎದುರಾಳಿ ಒಬ್ಬನೇ ಕಾಲು ಮೈಲಿ ಓಡಿ ಬಹುಮಾನದ ಕಪ್ ಎತ್ತಿಕೊಂಡು ಹೋದ. ಆಗಿನ ಆ ಉದ್ದಮೂತಿಯ ಕಾರುಗಳಿಗೆ ತಾವಾಗಿಯೇ ಸ್ಟಾರ್ಟ್ ಆಗುವ ಯೋಗವಿರಲಿಲ್ಲ. ಹಿಂದಿನಿಂದ ಪಿಕಪ್ ಗಾಡಿಯೊಂದು ತಳ್ಳಿಕೊಂಡು ಹೋಗಬೇಕು. ವೇಗ ಬಂದಾಗ ಕಾರಿನಲ್ಲಿ ಕುಳಿತವನು ಕಿಡಿಯ ಸ್ವಿಚ್ಚು ಹಾಕಬೇಕು. ಅಂದು ಪಿಕಪ್ ಓಡಿಸಿದವಳು ನೋರೀನ್. ಮದುವೆಯಾಗಿ ಆಗ ಮೂರು ತಿಂಗಳು.

"ನೀನು ಅರ್ಧ ದಾರೀಲೇ ಆಕ್ಸಿಲರೇಟರಿಂದ ಕಾಲು ತೆಗೆದೆ" ಎಂದು ಅವನು. "ನೀನು ಸ್ವಿಚ್ಚೇ ಹಾಕ್ಲಿಲ್ಲ" ಎಂದು ಅವಳು. ಈ ಎರಡು ವಾಕ್ಯಗಳ ಜಗಳವನ್ನು ಕೇಳುತ್ತ ಐವತ್ತೈದು ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಟರ್ಕಿ ಕೋಳಿಗಳು ತಣ್ಣಗಾಗಿದ್ದವು. ದೊಡ್ಡ ಮಗಳು ಅಮ್ಮನ ಪಕ್ಷ, ಇಬ್ಬರು ಗಂಡುಮಕ್ಕಳು ಅಪ್ಪನ ಪಕ್ಷ. ಅಳಿಯ ಮಾತ್ರ ಜಾಣ, ಆಲೂಗಡ್ಡೆಯ ಪಕ್ಷ.

ಈಗ ಹಳೆಯ ರೇಸುಗಾರರ ಕೂಟವೊಂದು ಅದೇ ಜಾಗದಲ್ಲಿ ಸೇರುವುದಿತ್ತು. ಅಲ್ಲಿ ಯಾರೂ ಓಡುವುದಿಲ್ಲ. ಹಳೆ ಕಾರುಗಳನ್ನು ತಳ್ಳಿ ಸ್ಟಾರ್ಟ್ ಮಾಡುತ್ತಾರೆ, ಎಂಜಿನ್‌ಗಳು ಗುಡುಗುತ್ತವೆ, ನೈಟ್ರೋ ಇಂಧನದ ಹೊಗೆಗೆ ಮುದುಕರೆಲ್ಲ ಕಣ್ಣೀರಿಡುತ್ತಾರೆ. ಹೊಗೆಯಿಂದಲೋ ನೆನಪಿನಿಂದಲೋ ಎಂದು ಯಾರೂ ಕೇಳುವುದಿಲ್ಲ. ಇದಕ್ಕಾಗಿಯೇ ಡೆಲ್ಬರ್ಟ್ ಆರು ವರ್ಷದಿಂದ ತನ್ನ ಎಂಟು ಸಿಲಿಂಡರಿನ, ಹೆಮಿ ಎಂಬ ಜಾತಿಯ ರೇಸ್ ಎಂಜಿನ್ನಿಗೆ ಮರುಜನ್ಮ ಕೊಡುತ್ತಿದ್ದ. ಅದರ ಬಿಡಿಭಾಗಗಳು ಪಾತ್ರೆ ತೊಳೆಯುವ ಯಂತ್ರದಲ್ಲಿ ಮಿಂದವು. ಬಣ್ಣ ಗಟ್ಟಿಯಾಗಲೆಂದು ಅಡಿಗೆಮನೆಯ ಓವನ್ನಿನಲ್ಲಿ ಬೆಂದವು. ಆಮೇಲೆ ಅದೇ ಓವನ್ನಿನಿಂದ ಬಂದ ಪೀಚ್ ಪೈಯನ್ನು ಚರ್ಚಿನ ಪಾದ್ರಿ ಒಂದು ತುತ್ತು ತಿಂದು, ಕಣ್ಣು ಮುಚ್ಚಿ, ಬಹಳ ಹೊತ್ತು ಪ್ರಾರ್ಥಿಸಿದರು.

"ಎಂಜಿನ್ ಹತ್ಕೊಂಡ್ರೆ ನೀನು ಮೈಕಲ್ಲಿ ಎಲ್ಲರ ಮುಂದೆ ಒಪ್ಕೋಬೇಕು, ಅವತ್ತು ಕಾಲು ತೆಗೆದವಳು ನಾನೇ ಅಂತ" ಎಂದ ಡೆಲ್ಬರ್ಟ್.

"ಹತ್ಕೊಳ್ಳದಿದ್ರೆ?"

"ನಾನು ಒಪ್ಕೋತೀನಿ, ಸ್ವಿಚ್ಚು ಮರೆತವನು ನಾನೇ ಅಂತ. ಆ ಪ್ರಶ್ನೆನೇ ಬರಲ್ಲ ಬಿಡು."

"ಸ್ವಿಚ್ಚು ಅಂತ ಒಂದು ಚೀಟಿ ಬರೆದು ಎದುರಿಗೆ ಅಂಟಿಸ್ಲಾ ಮಾರಾಯ?"

"ಚೀಟಿ? ನನಗೆ?" ಡೆಲ್ಬರ್ಟ್ ಮೀಸೆ ತಿರುವಿದ. "ಇದು ಈ ಕೈಗಳಿಗೇ ಗೊತ್ತಿರೋ ವಿದ್ಯೆ ಕಣೇ."

ಶನಿವಾರ ಬಂತು. ಎಪ್ಪತ್ತೊಂಬತ್ತರ ಡೆಲ್ಬರ್ಟನನ್ನು ಇಪ್ಪತ್ನಾಲ್ಕರ ಸೊಂಟಕ್ಕೆಂದು ಮಾಡಿದ ಸೀಟಿಗೆ ಇಳಿಸಲು ಮೂವರು ಗೆಳೆಯರು ಬೇಕಾದರು. ಹಳೆಯ ಹೆಲ್ಮೆಟ್ಟು, ಕನ್ನಡಕ, ಕೆಳಗೆ ಇಸ್ತ್ರಿ ಮಾಡಿದಂಥ ಬಿಳಿ ಮೀಸೆ. ಹಿಂದೆ ಅದೇ ಹಳೆ ಪಿಕಪ್ಪಿನಲ್ಲಿ ನೋರೀನ್, ಬಾಯಲ್ಲಿ ಚ್ಯೂಯಿಂಗ್ ಗಮ್ಮು.

"ನೋಡ್ರಪ್ಪಾ, ನಮ್ಮ ಡೆಲ್ಬರ್ಟ್ ಹಕಬಿ ವಾಪಸ್ ಬಂದವ್ರೆ" ಎಂದು ಮೈಕಿನಲ್ಲಿ ಕೂಟದ ಘೋಷಕ ರಸ್ಟಿ ಕೂಗಿದ. ಗ್ಯಾಲರಿಯೇ ಎದ್ದು ನಿಂತಿತು. ಪಿಕಪ್ಪು ತಳ್ಳಿತು. ಹತ್ತು ಮೈಲಿ ವೇಗ, ಇಪ್ಪತ್ತು, ನಲವತ್ತು. ಡೆಲ್ಬರ್ಟ್ ಪೆಟ್ರೋಲಿಗಿಂತ ಘಾಟಾದ ಆ ಇಂಧನದ ನಲ್ಲಿ ತಿರುಗಿಸಿದ. ಆಮೇಲೆ, ಜನ ಅಷ್ಟು ಪ್ರೀತಿಯಿಂದ ಕೂಗುತ್ತಿರುವಾಗ ಸುಮ್ಮನಿರಲಾದೀತೇ, ಎರಡೂ ಕೈ ಎತ್ತಿ ಬೀಸತೊಡಗಿದ.

ಬಲಕ್ಕೆ ಬೀಸಿದ, ಎಡಕ್ಕೆ ಬೀಸಿದ. ಗ್ಯಾಲರಿ ಮುಗಿಯಿತು. ಎಂಜಿನ್ ಮಾತ್ರ ಮೌನವ್ರತದಲ್ಲಿತ್ತು. 'ಕಾಲು ತೆಗೆದಳು, ಮತ್ತೆ ಕಾಲು ತೆಗೆದಳು' ಎಂದುಕೊಂಡು ಹಿಂತಿರುಗಿ ನೋಡಿದರೆ ಪಿಕಪ್ಪಿನ ಮೂತಿ ಅವನ ಬೆನ್ನಿಗೇ ಅಂಟಿಕೊಂಡಿತ್ತು. ಒಳಗೆ ನೋರೀನ್ ಗಮ್ಮು ಜಗಿಯುತ್ತ ಅವನನ್ನೇ ನೋಡುತ್ತಿದ್ದಳು.

"ಕಾಲು ಮೈಲಿ, ಮೂವತ್ತೊಂದು ಸೆಕೆಂಡು" ಎಂದಿತು ಮೈಕು. "ಹಿಂದಿದ್ದ ಪಿಕಪ್ಪಿಗೂ ಅಷ್ಟೇ ಟೈಮು, ಎರಡನೇ ಬಹುಮಾನ ಅದಕ್ಕೇ."

ರೇಸಿನ ದಾರಿಯ ಕೊನೆ ದಾಟಿದ ಮೇಲೆ ಡೆಲ್ಬರ್ಟನ ಕೈಗೆ ಆ ವಿದ್ಯೆ ನೆನಪಾಯಿತು. ಸ್ವಿಚ್ಚು ಹಾಕಿದ. ಕಾಲು ಮೈಲಿಯುದ್ದ ಒಳಗೆ ತುಂಬಿಕೊಂಡಿದ್ದ ಇಂಧನವೆಲ್ಲ ಒಂದೇ ಏಟಿಗೆ ಢಮಾರ್ ಎಂದಿತು. ಎಂಟು ಕೊಳವೆಗಳಿಂದ ಬೆಂಕಿ ಎದ್ದಿತು. ಒಂದೇ ಒಂದು ಸಲ ಗರ್ಜಿಸಿ ಎಂಜಿನ್ ಕಣ್ಣು ಮುಚ್ಚಿತು. ಕಾರು ಮೆಲ್ಲಗೆ ಪಕ್ಕದ ಬಾದಾಮಿ ತೋಟಕ್ಕೆ ನುಗ್ಗಿ, ಒಂದು ಮರಕ್ಕೆ ಮೂತಿಯಿಟ್ಟು ನಿಂತಿತು. ಮೇಲಿಂದ ಹೂ ಉದುರಿತು. ಡೆಲ್ಬರ್ಟ್ ಮುಖ ಮುಟ್ಟಿಕೊಂಡ. ಬಲಮೀಸೆ ಕ್ಷೇಮವಾಗಿತ್ತು. ಎಡಮೀಸೆ ಇರಲಿಲ್ಲ.

ಮಾತು ಮಾತೇ. ಅರ್ಧ ಮೀಸೆಯಲ್ಲೇ ಮೈಕು ಹಿಡಿದು, "ಅವತ್ತೂ ಸ್ವಿಚ್ಚು ಮರೆತವನು ನಾನೇ. ನೋರೀನ್ ಕಾಲು ತೆಗೆದಿರಲಿಲ್ಲ" ಎಂದ. ಜನ ಐದು ನಿಮಿಷ ಚಪ್ಪಾಳೆ ತಟ್ಟಿದರು. ಗಂಡುಮಕ್ಕಳಿಬ್ಬರೂ ಅಲ್ಲೇ ಪಕ್ಷ ಬದಲಿಸಿದರು.

ಪಿಕಪ್ಪಿನಲ್ಲಿ ಹೆಂಡತಿಯ ಪಕ್ಕ ಕುಳಿತಾಗ ಡೆಲ್ಬರ್ಟನಿಗೆ, ಐವತ್ತೈದು ವರ್ಷ ನಿರಪರಾಧಿಯನ್ನು ಗೋಳು ಹುಯ್ದುಕೊಂಡೆನಲ್ಲ ಎಂದು ನಿಜಕ್ಕೂ ನಾಚಿಕೆಯಾಯಿತು.

"ಕ್ಷಮಿಸ್ಬಿಡು ನೋರೀನ್."

"ಆಯ್ತು ಬಿಡು." ಅವಳು ಗಮ್ಮನ್ನು ಕಾಗದದಲ್ಲಿ ಸುತ್ತಿಟ್ಟಳು. "ಒಂದು ಮಾತು ಹೇಳ್ತೀನಿ ಡೆಲ್, ಸಿಟ್ಟಾಗಬಾರ್ದು."

"ನನಗೇನು ಸಿಟ್ಟು? ತಪ್ಪೆಲ್ಲ ನನ್ನದೇ."

"ಅವತ್ತು ನಿನ್ನ ಕೈ ಸ್ವಿಚ್ಚಿಗೆ ಹೋಗಿದ್ದನ್ನ ನಾನು ಕಣ್ಣಾರೆ ನೋಡ್ದೆ. ಅಷ್ಟರಲ್ಲಿ ಮಡಿಲಲ್ಲಿಟ್ಕೊಂಡಿದ್ದ ಬಿಸಿ ಕಾಫಿ ಚೆಲ್ತು. ಸುಡ್ತು. ಕಾಲು ತೆಗೆದೆ."

ಡೆಲ್ಬರ್ಟ್ ಹಿಂತಿರುಗಿ ಮೈಕಿನ ಕಡೆ ನೋಡಿದ.

ನೋರೀನ್ ಅವನ ಕಡೆಯ ಬಾಗಿಲನ್ನು ತಾನೇ ತೆರೆದುಕೊಟ್ಟಳು.

"ಮೈಕು ಇನ್ನೂ ಆನಲ್ಲೇ ಇದೆ, ಹೋಗಿ ಹೇಳ್ಬಿಟ್ಟು ಬಾ" ಎಂದು ಅವನ ಒಂಟಿ ಮೀಸೆಯನ್ನು ಬೆರಳಿನಿಂದ ನೇರ ಮಾಡಿದಳು. "ಯಾರು ನಂಬ್ತಾರೋ ನೋಡೋಣ."